ರಕ್ತದ ಅರ್ಬುದವೂ ಅದರ ಭೇದಗಳೂ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿಯೆಂಬ ಊರು ಸಿಕ್ಕುವುದು. ಅಲ್ಲಿಯ ಬೆಟ್ಟದ ಬಂಡೆಯೊಂದರ ಮೇಲೆ ಪುರಾತನವಾದ ಶಾಸನವಿರುವುದು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದ ವಿಷಯವೇ. ನಿಜಾಮರ ಸಂಸ್ಥಾನದಲ್ಲಿ ಗಣಿಗಳ ಎಂಜಿನಿಯರರಾಗಿದ್ದ ಬೀಡನ್ ಎಂಬುವರು 1915ರಲ್ಲಿ ಅದನ್ನು ಕಂಡುಹಿಡಿದರು. ಅದಕ್ಕೆ ಮೊದಲು ‘ದೇವಾನಾಂಪ್ರಿಯ’ ಎಂಬ ಬಿರುದಿನ ಅರಸನ ಆಜ್ಞೆಗಳು ದೇಶದ ನಾನಾ ಕಡೆಗಳಲ್ಲಿ ದೊರೆತಿದ್ದುವು. ಆ ಅರಸನು ಇಂಥವನೇ ಆಗಿರಬೇಕೆಂದು ಪಂಡಿತರು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿಯೂ ಇದ್ದರು. ಆದರೆ ಬಿರುದಿನ ಜೊತೆಗೆ ‘ಅಶೋಕ’ನೆಂಬ ಹೆಸರನ್ನೂ ಹೇಳಿ ಸಂದೇಹವನ್ನು ತೀರಿಸಿದುದು ಮಸ್ಕಿಯ ಬಂಡೆಯೇ.

ಈ ಸಂಗತಿಯನ್ನು ನಾವು ಇಲ್ಲಿ ನೆನೆಯುವುದಕ್ಕೆ ಕಾರಣವುಂಟು. ‘ಬ್ಲಡ್ ಕ್ಯಾನ್ಸರ್’ ಎಂದು ಜನರು ಕರೆಯುವ ರಕ್ತದ ಅರ್ಬುದದ ವಿಷಯದಲ್ಲಿಯೂ ನಮ್ಮ ಮನೆಗಳಲ್ಲಿ ಬಿರುದು ಮಾತ್ರ ತಿಳಿದಿದೆ, ಹೆಸರು ತಿಳಿದಿಲ್ಲ. ಆ ಎರಡು ಮಾತುಗಳನ್ನು ಕೇಳಿದೊಡನೆ ಮನೆಯವರು ಕೈಚೆಲ್ಲಿ ಕುಳಿತುಬಿಡುವರು. ಆದರೆ ರಕ್ತದ ಅರ್ಬುದವೆಂಬುದು ಒಂದೇ ರೋಗವಲ್ಲ. ಅದು ಹಲವು ರೋಗಗಳ ಗುಂಪಿಗೆ ಇಟ್ಟ ಬಿರುದು. ಆ ಗುಂಪಿನಲ್ಲಿ ದಿನಕ್ಕೊಂದು ಗುಳಿಗೆ ನುಂಗುತ್ತ ಮುಪ್ಪಿನವರೆಗೂ ಬಾಳಬಹುದಾದ ರೋಗವುಂಟು. ಎರಡೂವರೆ ವರ್ಷ ಪಥ್ಯದಿಂದ ಔಷಧ ಕೊಟ್ಟರೆ ಕೂಸು ಪೂರ್ಣವಾಗಿ ಗುಣಹೊಂದುವ ರೋಗವುಂಟು. ಏನೂ ಔಷಧ ಕೊಡದೆ ಕೆಲವು ವರ್ಷ ಸುಮ್ಮನೆ ನೋಡುತ್ತಿರಬಹುದಾದ ರೋಗವೂ ಉಂಟು. ಹಾಗೆಯೇ ಒಂದು ವಾರದ ವಿಳಂಬವನ್ನೂ ಸಹಿಸದ ರೋಗವೂ ಉಂಟು. ಆದಕಾರಣ ಇವುಗಳ ಭೇದಗಳಾವುವು, ನಮ್ಮ ಜನರಲ್ಲಿ ಯಾವುದು ಹೆಚ್ಚು ಯಾವುದು ಕಡಿಮೆ, ಅದನ್ನು ತಿಳಿಯುವುದರಿಂದ ಗೃಹಸ್ಥರಿಗೆ ಆಗುವ ಪ್ರಯೋಜನವೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸುವೆವು.

ರಕ್ತವು ಹುಟ್ಟುವ ಸ್ಥಳ

ಬೆಳೆದ ಮನುಷ್ಯನ ದೇಹದಲ್ಲಿ ಸುಮಾರು 5 ಲೀಟರು ರಕ್ತವಿರುವುದು. ಕಣ್ಣಿಗೆ ಅದು ಕೆಂಪು ನೀರಿನಂತೆ ಕಂಡರೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೂರು ಬಗೆಯ ಕಣಗಳು ತೋರುವುವು. ಕೆಂಪು ಕಣಗಳು ಉಸಿರಿನ ಪ್ರಾಣವಾಯುವನ್ನು ಹೊತ್ತು ದೇಹದ ಮೂಲೆಮೂಲೆಗೂ ಒಯ್ಯುವುವು. ಬಿಳಿಯ ಕಣಗಳು ಊರ ಕಾವಲುಗಾರರಂತೆ ರೋಗಾಣುಗಳೊಡನೆ ಹೋರಾಡುವುವು. ಪ್ಲೇಟ್‌ಲೆಟ್ ಎಂಬ ಕಿರುಕಣಗಳು ಗಾಯದ ಬಾಯಿಯನ್ನು ಮುಚ್ಚಿ ರಕ್ತಸ್ರಾವವನ್ನು ನಿಲ್ಲಿಸುವುವು. ಸಾಸಿವೆಕಾಳಿಗಿಂತಲೂ ಚಿಕ್ಕದಾದ ಒಂದು ಘನ ಮಿಲಿಮೀಟರು ರಕ್ತದಲ್ಲಿ ಕೆಂಪು ಕಣಗಳು 40ರಿಂದ 55 ಲಕ್ಷ, ಬಿಳಿಯ ಕಣಗಳು 4 ಸಾವಿರದಿಂದ 11 ಸಾವಿರ, ಪ್ಲೇಟ್‌ಲೆಟ್‌ಗಳು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುವುವು.

ಈ ಕಣಗಳೆಲ್ಲವೂ ಎಲುಬಿನೊಳಗಿನ ಮಜ್ಜೆಯಲ್ಲಿ ಹುಟ್ಟುವುವು. ಕೆಂಪು ಕಣದ ಆಯುಷ್ಯವು ಸುಮಾರು 120 ದಿನ. ಪ್ಲೇಟ್‌ಲೆಟ್‌ನದು ಎಂಟು ಹತ್ತು ದಿನ ಮಾತ್ರ. ಆದುದರಿಂದ ಮಜ್ಜೆಯು ಹಗಲಿರುಳೂ ಹೊಸ ಕಣಗಳನ್ನು ಒದಗಿಸುತ್ತಲೇ ಇರಬೇಕು. ಬಿಳಿಯ ಕಣಗಳಾಗತಕ್ಕ ಬೀಜವೊಂದು ಕೆಟ್ಟು, ಕಟ್ಟುಮೀರಿ ಬೆಳೆಯತೊಡಗಿದರೆ ಆಗುವ ರೋಗವೇ ರಕ್ತದ ಅರ್ಬುದ. ಭತ್ತದ ಗದ್ದೆಯಲ್ಲಿ ಕಳೆಯು ಹಬ್ಬಿದರೆ ಪೈರಿಗೆ ನೀರೂ ಗೊಬ್ಬರವೂ ದೊರೆಯದೆ ಹೋಗುವಂತೆ ಇಲ್ಲಿಯೂ ಒಳ್ಳೆಯ ಕಣಗಳಿಗೆ ಸ್ಥಳವಿಲ್ಲದಂತಾಗುವುದು. ಕೆಂಪು ಕಣ ತಗ್ಗಿದರೆ ಮೈ ಬಿಳಿಚುವುದು. ಪ್ಲೇಟ್‌ಲೆಟ್ ತಗ್ಗಿದರೆ ರಕ್ತ ಸೋರುವುದು. ಕೆಲಸ ಬಲ್ಲ ಬಿಳಿಯ ಕಣ ತಗ್ಗಿದರೆ ಜ್ವರವು ಮೇಲಿಂದ ಮೇಲೆ ಬರುವುದು. ಈ ರೋಗದ ಚಿಹ್ನೆಗಳಲ್ಲಿ ಬಹುಪಾಲು ಈ ಮೂರರಲ್ಲಿಯೇ ಅಡಗಿರುವುವು.

1845ರಲ್ಲಿ ಎಡಿನ್‌ಬರೋ ನಗರದ ಬೆನೆಟ್ ಎಂಬ ವೈದ್ಯರೂ ಬರ್ಲಿನ್ ನಗರದ ವಿರ್ಕೋ ಎಂಬ ವೈದ್ಯರೂ ಇಂಥ ರೋಗದಿಂದ ಸತ್ತವರ ರಕ್ತವನ್ನು ಪರೀಕ್ಷಿಸಿ ಬರೆದಿಟ್ಟರು. ಎರಡು ವರ್ಷಗಳ ತರುವಾಯ ವಿರ್ಕೋ ಅವರು ಗ್ರೀಕ್ ಮಾತುಗಳಿಂದ ‘ಲ್ಯುಕೀಮಿಯಾ’ ಎಂಬ ಹೆಸರನ್ನು ಕಟ್ಟಿದರು. ‘ಬಿಳಿರಕ್ತ’ವೆಂದು ಅದರ ಅರ್ಥ.

ನಾಲ್ಕು ಭೇದಗಳು

ವೈದ್ಯರು ಈ ರೋಗವನ್ನು ಎರಡು ಪ್ರಶ್ನೆಗಳಿಂದ ವಿಂಗಡಿಸುವರು. ರೋಗವು ವಾರಗಳಲ್ಲಿ ಬೆಳೆಯುವುದೋ ವರ್ಷಗಳಲ್ಲಿ ಬೆಳೆಯುವುದೋ ಎಂಬುದು ಮೊದಲನೆಯದು. ಮೊದಲನೆಯ ತರದ್ದನ್ನು ತೀವ್ರವೆಂದೂ ಎರಡನೆಯ ತರದ್ದನ್ನು ದೀರ್ಘವೆಂದೂ ಕರೆಯೋಣ. ಕೆಟ್ಟ ಬೀಜವು ಬಿಳಿಯ ಕಣಗಳ ಯಾವ ಕುಲಕ್ಕೆ ಸೇರಿದ್ದು ಎಂಬುದು ಎರಡನೆಯ ಪ್ರಶ್ನೆ. ಲಿಂಫಾಯಿಡ್ ಮತ್ತು ಮೈಲಾಯಿಡ್ ಎಂದು ಕುಲಗಳು ಎರಡು. ಎರಡನ್ನು ಎರಡರಿಂದ ಗುಣಿಸಿದರೆ ನಾಲ್ಕು ಮುಖ್ಯ ಭೇದಗಳಾಗುವುವು. ಆಸ್ಪತ್ರೆಯ ಚೀಟಿಗಳಲ್ಲಿ ಇವನ್ನು ಎ.ಎಲ್.ಎಲ್., ಎ.ಎಂ.ಎಲ್., ಸಿ.ಎಂ.ಎಲ್., ಸಿ.ಎಲ್.ಎಲ್. ಎಂಬ ಮೂರು ಮೂರು ಅಕ್ಷರಗಳಿಂದ ಬರೆಯುವರು. ‘ಎ’ ಇದ್ದರೆ ತೀವ್ರ, ‘ಸಿ’ ಇದ್ದರೆ ದೀರ್ಘ. ನಡುವೆ ‘ಎಲ್’ ಇದ್ದರೆ ಲಿಂಫಾಯಿಡ್, ‘ಎಂ’ ಇದ್ದರೆ ಮೈಲಾಯಿಡ್. ಮನೆಯ ಯಜಮಾನನು ಇಷ್ಟನ್ನು ಅರಿತಿದ್ದರೆ ಸಾಕು, ವೈದ್ಯರ ಮಾತು ಅರ್ಧಕ್ಕಿಂತ ಹೆಚ್ಚು ತಿಳಿಯುವುದು.

ಯಾರಲ್ಲಿ ಯಾವುದು ಹೆಚ್ಚು

2020ರ ಅಂದಾಜಿನಂತೆ ಪ್ರಪಂಚದಲ್ಲಿ ಆ ವರ್ಷ 4 ಲಕ್ಷ 74 ಸಾವಿರ ಮಂದಿಗೆ ಈ ರೋಗಗಳು ಹೊಸದಾಗಿ ತಗಲಿದುವು. ಭಾರತದ ಪಾಲು ಸುಮಾರು 48 ಸಾವಿರ. ಎಂದರೆ ಲಕ್ಷ ಜನರಿಗೆ ವರ್ಷಕ್ಕೆ ಮೂರು ನಾಲ್ಕು ಮಂದಿ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಜನಸಂಖ್ಯೆಯು 19 ಲಕ್ಷಕ್ಕೆ ಮಿಕ್ಕಿದ್ದಿತು. ದೇಶದ ಪ್ರಮಾಣವನ್ನೇ ಹಿಡಿದು ಗುಣಿಸಿದರೆ ಈ ಒಂದು ಜಿಲ್ಲೆಯಲ್ಲಿ ವರ್ಷಕ್ಕೆ ಅರುವತ್ತು ಎಪ್ಪತ್ತು ಮನೆಗಳಿಗೆ ಈ ಸಂಕಟವು ಬರತಕ್ಕದ್ದಾಯಿತು. ಇದು ವಿರಳವಾದ ರೋಗವೇ ಸರಿ. ಆದರೆ ಯಾರ ಊರಿಗೂ ಬಾರದ ರೋಗವಲ್ಲ.

ಈಗ ಭೇದಗಳನ್ನು ನೋಡೋಣ. ಪ್ರಪಂಚದ ಅನೇಕ ಕಡೆಗಳಲ್ಲಿ ಮಕ್ಕಳಿಗೆ ಬರುವ ಅರ್ಬುದಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ರಕ್ತದ್ದು. ಅದರಲ್ಲಿ ನಾಲ್ಕಕ್ಕೆ ಮೂರು ಪಾಲಿನಷ್ಟು ಎ.ಎಲ್.ಎಲ್. ಭೇದದ್ದು. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಈ ವಿಷಯದಲ್ಲಿ ನಮ್ಮ ನಾಡು ಇತರ ನಾಡುಗಳಂತೆಯೇ ಇದೆ. ಆದರೆ ಇದರಲ್ಲಿಯೇ ‘ಬಿ’ ಮತ್ತು ‘ಟಿ’ ಎಂಬ ಎರಡು ಒಳಭೇದಗಳಿದ್ದು, ಚಿಕಿತ್ಸೆಗೆ ತುಸು ಕಠಿಣವೆನಿಸಿದ ‘ಟಿ’ ಭೇದದ ಪಾಲು ಪಶ್ಚಿಮ ದೇಶಗಳಲ್ಲಿರುವುದಕ್ಕಿಂತ ಭಾರತದ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಂಡುಬಂದಿದೆ.

ದೊಡ್ಡವರಲ್ಲಿ ವ್ಯತ್ಯಾಸವು ಇನ್ನೂ ಸ್ಪಷ್ಟವಾಗಿದೆ. ಯೂರೋಪು ಅಮೆರಿಕಗಳಲ್ಲಿ ದೊಡ್ಡವರಿಗೆ ಬರುವ ರಕ್ತದ ಅರ್ಬುದಗಳಲ್ಲಿ ಸಿ.ಎಲ್.ಎಲ್. ಎಂಬುದು ಬಹು ಸಾಮಾನ್ಯ. ಎಪ್ಪತ್ತರ ಸುಮಾರಿನ ಮುದುಕರ ರೋಗವದು. ನಮ್ಮಲ್ಲಿ ಅದು ಬಹು ಕಡಿಮೆ. ಚೀನ ಜಪಾನುಗಳಲ್ಲಿಯೂ ಕಡಿಮೆ. ಅಮೆರಿಕಕ್ಕೆ ಹೋಗಿ ನೆಲೆಸಿದ ಚೀನೀಯರ ಮತ್ತು ಜಪಾನೀಯರ ಸಂತತಿಯಲ್ಲಿಯೂ ಅದು ಕಡಿಮೆಯಾಗಿಯೇ ಉಳಿದಿರುವುದರಿಂದ, ಇದರ ಕಾರಣವು ಅನ್ನ ನೀರುಗಳಿಗಿಂತ ವಂಶದಲ್ಲಿ ಇರಬೇಕೆಂದು ತಜ್ಞರು ಹೇಳುವರು. ಇದಕ್ಕೆ ಪ್ರತಿಯಾಗಿ ಸಿ.ಎಂ.ಎಲ್. ಭೇದವು ನಮ್ಮ ದೇಶದ ಅನೇಕ ಆಸ್ಪತ್ರೆಗಳಲ್ಲಿ ದೊಡ್ಡವರ ರಕ್ತದ ಅರ್ಬುದಗಳಲ್ಲಿ ಮೊದಲನೆಯ ಸ್ಥಾನದಲ್ಲಿರುವುದು. ಅಲ್ಲಿ ಅದು ಐವತ್ತೈದು ಅರುವತ್ತು ದಾಟಿದವರ ರೋಗವಾಗಿದ್ದರೆ, ಇಲ್ಲಿ ಮೂವತ್ತೈದು ನಲವತ್ತರ ಪ್ರಾಯದವರಲ್ಲಿ ಕಾಣುವುದು. ನೇಗಿಲು ಹಿಡಿಯುವ, ಮಕ್ಕಳನ್ನು ಸಾಕುವ ಪ್ರಾಯವೇ ಅದು. ನಮ್ಮ ದೇಶದಲ್ಲಿ ಮುದುಕರಿಗಿಂತ ಯುವಜನರ ಸಂಖ್ಯೆ ಹೆಚ್ಚಾಗಿರುವುದು ಇದಕ್ಕೆ ಒಂದು ಕಾರಣ.

ಇಲ್ಲಿ ಒಂದು ಮಾತನ್ನು ಎಚ್ಚರದಿಂದ ಗಮನಿಸತಕ್ಕದ್ದು. ಆಸ್ಪತ್ರೆಯ ಲೆಕ್ಕವು ಆಸ್ಪತ್ರೆಗೆ ಬಂದವರ ಲೆಕ್ಕ. ಸಿ.ಎಂ.ಎಲ್. ರೋಗಿಯು ವರ್ಷಗಟ್ಟಲೆ ಬದುಕಿದ್ದು ಆಸ್ಪತ್ರೆಗೆ ಬರುತ್ತಲೇ ಇರುವನು; ಅವನ ಹೆಸರು ಪುಸ್ತಕದಲ್ಲಿ ಉಳಿಯುವುದು. ತೀವ್ರವಾದ ಭೇದವು ತಗಲಿದ ಕೂಸು ಮೂರು ವಾರ ಜ್ವರದಿಂದ ನರಳಿ ಹಳ್ಳಿಯಲ್ಲಿಯೇ ತೀರಿಕೊಂಡರೆ ‘ಜ್ವರ ಬಂದು ಹೋಯಿತು’ ಎನ್ನುವರು. ಅದು ಯಾವ ಪುಸ್ತಕಕ್ಕೂ ಸೇರದು. ಇದಕ್ಕಾಗಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯವರು ಬೆಂಗಳೂರು, ಮುಂಬಯಿ, ಮದರಾಸುಗಳಲ್ಲಿ ಆಸ್ಪತ್ರೆಯ ರೋಗಿಗಳನ್ನಷ್ಟೇ ಅಲ್ಲದೆ ಊರಿನ ಎಲ್ಲ ರೋಗಿಗಳನ್ನೂ ಎಣಿಸುವ ದಾಖಲೆಯನ್ನು 1982ರ ಸುಮಾರಿಗೆ ಏರ್ಪಡಿಸಿದರು. ಬೆಂಗಳೂರಿನ ದಾಖಲೆಯು ಕಿದ್ವಾಯಿ ಸ್ಮಾರಕ ಸಂಸ್ಥೆಯಲ್ಲಿದೆ. ಆದರೆ ಅದು ಎಣಿಸುವುದು ಬೆಂಗಳೂರಿನವರನ್ನು. ಮಸ್ಕಿಯ ಕೂಸು ಲೆಕ್ಕಕ್ಕೆ ಬರಬೇಕಾದರೆ ಮೊದಲು ಯಾರಾದರೂ ಅದರ ರಕ್ತವನ್ನು ಪರೀಕ್ಷೆಮಾಡಿಸಿ ರೋಗದ ಹೆಸರನ್ನು ತಿಳಿದಿರಬೇಕು.

ಹೆಣ್ಣುಕೂಸುಗಳ ಲೆಕ್ಕ

ಈ ಲೆಕ್ಕಗಳಲ್ಲಿ ನಮ್ಮನ್ನು ತಲೆತಗ್ಗಿಸುವಂತೆ ಮಾಡುವ ಅಂಕಿಯೊಂದುಂಟು. ಪ್ರಕೃತಿಯಿಂದಲೇ ಎ.ಎಲ್.ಎಲ್. ರೋಗವು ಗಂಡುಮಕ್ಕಳಿಗೆ ತುಸು ಹೆಚ್ಚು. ಪಶ್ಚಿಮ ದೇಶಗಳಲ್ಲಿ ಹತ್ತು ಹುಡುಗಿಯರಿಗೆ ಹನ್ನೆರಡು ಹುಡುಗರ ಪ್ರಮಾಣವಿರುವುದು. ನಮ್ಮ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಹತ್ತು ಹುಡುಗಿಯರಿಗೆ ಇಪ್ಪತ್ತರ ಹತ್ತಿರ ಹುಡುಗರು ಬರುವರು. ಈ ಹೆಚ್ಚಿನ ಎಂಟು ಮಂದಿಯನ್ನು ಪ್ರಕೃತಿಯ ತಲೆಗೆ ಕಟ್ಟುವಂತಿಲ್ಲ. ಅಷ್ಟು ಹೆಣ್ಣುಕೂಸುಗಳಿಗೆ ರೋಗವು ಬರಲಿಲ್ಲವೆಂದಲ್ಲ, ಅವರನ್ನು ಯಾರೂ ಕರೆತರಲಿಲ್ಲವೆಂದು ಅರ್ಥ. ಗಂಡುಮಗುವಿಗಾಗಿ ಹೊಲವನ್ನು ಒತ್ತೆಯಿಡುವ ಮನೆಯು ಹೆಣ್ಣುಮಗುವಿಗಾಗಿ ರಾಯಚೂರಿನವರೆಗೂ ಹೋಗದಿರುವುದುಂಟು. ಔಷಧವು ಗಂಡು ಹೆಣ್ಣೆಂದು ನೋಡುವುದಿಲ್ಲ. ನೋಡುವವರು ನಾವೇ. ಈ ಮಾತನ್ನು ಬರೆಯುವುದು ಕಹಿಯಾಗಿದ್ದರೂ ಬರೆಯದಿರುವುದು ಅಪರಾಧವಾದೀತು.

ಚಿಕಿತ್ಸೆಯ ಕಥೆ

ಈ ರೋಗಕ್ಕೆ ಔಷಧವಿಲ್ಲವೆಂಬ ಮಾತು 1947ರವರೆಗೆ ನಿಜವಾಗಿದ್ದಿತು. ಅದನ್ನು ಸುಳ್ಳು ಮಾಡಿದ ಕಥೆಯಲ್ಲಿ ನಮ್ಮ ನೆರೆನಾಡಿನವರೊಬ್ಬರ ಪಾತ್ರವಿದೆ. ಮೊದಲಿಗೆ 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆಯು ಮುಂಬಯಿಗೆ ಬಂದು, ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಶೋಧಿಸತೊಡಗಿದಳು. ಅವಳ ಶೋಧನೆಯ ಹಾದಿಯಲ್ಲಿ ಮುಂದೆ ಫೋಲಿಕ್ ಆಮ್ಲವೆಂಬ ಪೋಷಕ ವಸ್ತುವು ತಿಳಿದುಬಂದಿತು. ಗೋದಾವರೀ ತೀರದ ಸೀಮೆಯ ಭೀಮವರಂನಲ್ಲಿ 1895ರಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯವನ್ನು ಕಲಿತು, ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬಾರಾಯರ ತಂಡವು ಆ ಆಮ್ಲವನ್ನು ಕೃತಕವಾಗಿ ತಯಾರಿಸಿತು; ಅದಕ್ಕೆ ಎದುರಾಗಿ ಕೆಲಸಮಾಡುವ ಅಮಿನಾಪ್ಟೆರಿನ್ ಎಂಬ ವಸ್ತುವನ್ನೂ ತಯಾರಿಸಿತು. ಬಾಸ್ಟನ್ ನಗರದ ಸಿಡ್ನಿ ಫಾರ್ಬರ್ ಎಂಬ ವೈದ್ಯರು 1947ರ ಕೊನೆಯಲ್ಲಿ ಅದನ್ನು ರಕ್ತದ ಅರ್ಬುದದ ಮಕ್ಕಳಿಗೆ ಕೊಟ್ಟರು. ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳು ಕೆಲಕಾಲ ಚೇತರಿಸಿಕೊಂಡರು. ಆ ವರದಿಯು 1948ರ ಜೂನಿನಲ್ಲಿ ಪ್ರಕಟವಾಯಿತು. ಆಗಸ್ಟಿನಲ್ಲಿ ಸುಬ್ಬಾರಾಯರು ತೀರಿಕೊಂಡರು. ಅವರ ಶೋಧನೆಯ ಸಂತಾನವಾದ ಮೆಥೋಟ್ರೆಕ್ಸೇಟ್ ಎಂಬ ಔಷಧವು ಇಂದಿಗೂ ಎ.ಎಲ್.ಎಲ್. ಚಿಕಿತ್ಸೆಯ ಆಧಾರಸ್ತಂಭಗಳಲ್ಲಿ ಒಂದು.

ಇನ್ನೊಂದು ಔಷಧವು ನಮ್ಮ ಅಂಗಳದಲ್ಲಿಯೇ ಇದೆ. ತುಳಸಿಕಟ್ಟೆಯ ಬದಿಯಲ್ಲಿ ವರ್ಷವೆಲ್ಲ ಅರಳುವ ನಿತ್ಯಪುಷ್ಪದ ಗಿಡದಿಂದ ವಿಂಕ್ರಿಸ್ಟಿನ್ ಎಂಬ ಔಷಧವನ್ನು ತೆಗೆಯುವರು. 1963ರಿಂದ ಅದು ಬಳಕೆಯಲ್ಲಿದೆ. ಹಾಗೆಂದು ಯಾರೂ ಎಲೆಯನ್ನು ಅರೆದು ಕುಡಿಸಬಾರದು. ಗಿಡದಲ್ಲಿ ಆ ವಸ್ತುವು ಅತ್ಯಲ್ಪ, ಉಳಿದ ವಿಷವು ಬಹಳ. ಇಂಥ ಹಲವು ಔಷಧಗಳನ್ನು ಕ್ರಮವರಿತು ಎರಡು ಎರಡೂವರೆ ವರ್ಷ ಕೊಡುವುದರಿಂದ ಶ್ರೀಮಂತ ದೇಶಗಳಲ್ಲಿ ಈ ರೋಗದ ಹತ್ತು ಮಕ್ಕಳಲ್ಲಿ ಒಂಭತ್ತು ಮಕ್ಕಳು ಬದುಕುವರು. ನಮ್ಮ ದೇಶದ ಒಳ್ಳೆಯ ಆಸ್ಪತ್ರೆಗಳಲ್ಲಿ ಚಿಕಿತ್ಸೆಯನ್ನು ಪೂರೈಸಿದವರಲ್ಲಿ ಸುಮಾರು ಮೂವರಲ್ಲಿ ಇಬ್ಬರು ಗುಣವಾಗುವರು.

ಸಿ.ಎಂ.ಎಲ್. ಕಥೆ ಬೇರೆ. 1960ರಲ್ಲಿ ಫಿಲಡೆಲ್ಫಿಯಾ ನಗರದ ಇಬ್ಬರು ವಿಜ್ಞಾನಿಗಳು ಈ ರೋಗಿಗಳ ಕಣಗಳಲ್ಲಿ ಒಂದು ವರ್ಣತಂತು ಮೊಟಕಾಗಿರುವುದನ್ನು ಕಂಡರು. ಎರಡು ತಂತುಗಳ ತುಂಡುಗಳು ಅದಲುಬದಲಾಗುವುದರಿಂದ ಹೀಗಾಗುವುದೆಂದು 1973ರಲ್ಲಿ ಜಾನೆಟ್ ರೌಲಿ ಎಂಬ ವಿದುಷಿಯು ತೋರಿಸಿದಳು. ಆ ದೋಷವನ್ನೇ ಗುರಿಯಿಟ್ಟು ಹೊಡೆಯುವ ಇಮ್ಯಾಟಿನಿಬ್ ಎಂಬ ಗುಳಿಗೆಯು 2001ರಲ್ಲಿ ಬಳಕೆಗೆ ಬಂದಿತು. ಮೊದಲು ನಾಲ್ಕೈದು ವರ್ಷ ಬದುಕುವುದೇ ಕಷ್ಟವಾಗಿದ್ದ ರೋಗಿಯು ಈಗ ಗುಳಿಗೆಯನ್ನು ತಪ್ಪದೆ ನುಂಗಿದರೆ ಇತರರಂತೆಯೇ ಬಾಳಬಲ್ಲನು. ಸ್ವಿಟ್ಜರ್ಲೆಂಡಿನ ಕಂಪನಿಯೊಂದರ ಈ ಗುಳಿಗೆಗೆ ತಿಂಗಳಿಗೆ ಲಕ್ಷಕ್ಕೆ ಮಿಕ್ಕಿ ಬೆಲೆಯಿದ್ದಿತು. ನಮ್ಮ ದೇಶದ ತಯಾರಕರು ಅದನ್ನೇ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆಗೆ ಮಾರುತ್ತಿದ್ದರು. ಆ ಕಂಪನಿಯ ಪೇಟೆಂಟಿನ ಕೋರಿಕೆಯನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 1ರಂದು ತಳ್ಳಿಹಾಕಿದುದರಿಂದ ಅಗ್ಗದ ಗುಳಿಗೆಯು ಬಡವರಿಗೆ ಉಳಿಯಿತು.

ಎ.ಎಂ.ಎಲ್. ಎಲ್ಲದರಲ್ಲಿಯೂ ಕಠಿಣವಾದುದು. ಆದರೆ ಅದರಲ್ಲಿಯೂ ಪ್ರೋಮೈಲೋಸೈಟ್ ಎಂಬ ಒಳಭೇದಕ್ಕೆ ವಿಚಿತ್ರವಾದ ಮದ್ದು ದೊರೆತಿದೆ. ನಮ್ಮ ಹಿಂದಿನವರು ಪಾಷಾಣವೆಂದು ಹೆದರುತ್ತಿದ್ದ ಆರ್ಸೆನಿಕ್ಕನ್ನು ಶುದ್ಧಿಮಾಡಿ ಸೂಜಿಯಿಂದ ಕೊಡುವ ಕ್ರಮವನ್ನು ಚೀನದ ಹಾರ್ಬಿನ್ ನಗರದ ವೈದ್ಯರು 1970ರ ದಶಕದಲ್ಲಿ ಕಂಡುಕೊಂಡರು. ಶಾಂಘೈ ನಗರದವರು 1980ರ ದಶಕದಲ್ಲಿ ಎ ಜೀವಸತ್ತ್ವದಿಂದ ಹುಟ್ಟಿದ ಇನ್ನೊಂದು ಮದ್ದನ್ನು ಸೇರಿಸಿದರು. ಈ ಭೇದದಲ್ಲಿ ರಕ್ತಸ್ರಾವದಿಂದ ಮೊದಲ ದಿನಗಳಲ್ಲಿಯೇ ಸಾವು ಬರುವುದುಂಟು. ಆ ದಿನಗಳನ್ನು ದಾಟಿದವರು ಬಹುಮಟ್ಟಿಗೆ ಗುಣವಾಗುವರು. ಹೆಸರನ್ನು ಬೇಗನೆ ತಿಳಿಯುವುದರ ಬೆಲೆ ಇಲ್ಲಿ ಒಂದು ಪ್ರಾಣ.

ಮನೆಯಲ್ಲಿ ಗಮನಿಸತಕ್ಕ ಚಿಹ್ನೆಗಳು

ಸಿಂಧನೂರಿನ ಕಾಲುವೆಯ ಬದಿಯ ಒಂದು ಹಳ್ಳಿಯ ಮನೆಯನ್ನು ಊಹಿಸಿಕೊಳ್ಳೋಣ. ನಾಲ್ಕು ವರ್ಷದ ಹುಡುಗಿ. ಮೂರು ವಾರಗಳಿಂದ ಜ್ವರವು ಬಿಟ್ಟು ಬಿಟ್ಟು ಬರುತ್ತಿದೆ. ಮುಖವು ಬಿಳಿಚಿದೆ.

“ಕೂಸಿಗೆ ದೃಷ್ಟಿ ತಾಗ್ಯಾದ ನೋಡವ್ವ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲ್ಯಾಗ ಹಾಕು” ಎಂದು ಅಜ್ಜಿ ಹೇಳುವಳು.

“ಹಾಕೀನತ್ತಿ, ಎರಡು ಸಲ ಹಾಕೀನಿ. ಕಾಲು ನೋಯ್ತಾವಂತ ಈಗ ನೆಲಕ್ಕ ಕಾಲ ಊರವಲ್ದು. ಮೈಮ್ಯಾಲೆ ಕೆಂಪು ಚುಕ್ಕಿ ಎದ್ದಾವ” ಎಂದು ಸೊಸೆ ಹೇಳುವಳು.

ಈ ಸೊಸೆಯು ತಿಳಿಯದೆಯೇ ಮುಖ್ಯವಾದ ಚಿಹ್ನೆಗಳನ್ನೆಲ್ಲ ಹೇಳಿಬಿಟ್ಟಳು. ಎರಡು ವಾರ ಕಳೆದರೂ ಬಿಡದ ಜ್ವರ, ದಿನದಿನಕ್ಕೆ ಬಿಳಿಚುವ ಮುಖ, ಕೂಸು ನಡೆಯಲೊಲ್ಲದಷ್ಟು ಎಲುಬಿನ ನೋವು, ಒತ್ತಿದರೂ ಮಾಸದ ಕೆಂಪು ಅಥವಾ ನೇರಳೆ ಚುಕ್ಕೆಗಳು, ಒಸಡಿನಿಂದಲೋ ಮೂಗಿನಿಂದಲೋ ಸೋರುವ ರಕ್ತ, ಕುತ್ತಿಗೆ ಕಂಕುಳುಗಳಲ್ಲಿ ಗಂಟು: ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ತಡಮಾಡಬಾರದು. ದೊಡ್ಡವರಲ್ಲಿ ಹೊಟ್ಟೆಯ ಎಡಭಾಗವು ಭಾರವಾಗಿ ಸ್ವಲ್ಪ ಉಂಡರೂ ತುಂಬಿದಂತಾಗುವುದು, ಮೈ ಇಳಿಯುವುದು, ರಾತ್ರಿ ಬೆವರುವುದು ಇವು ಸಿ.ಎಂ.ಎಲ್. ಚಿಹ್ನೆಗಳಾಗಿರಬಹುದು.

ಇವೆಲ್ಲ ಇತರ ರೋಗಗಳಲ್ಲಿಯೂ ಬರುವುವೆಂಬುದು ನಿಜ. ಡೆಂಗ್ಯೂ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುವುದು. ಆದರೆ ಒಂದೆರಡು ವಾರಗಳಲ್ಲಿ ಏರುವುದು. ಏರದಿದ್ದರೆ ಮತ್ತೆ ಪರೀಕ್ಷೆ ಮಾಡಿಸತಕ್ಕದ್ದು. ‘ರಕ್ತ ಕಡಿಮೆ’ಯೆಂದು ಕೊಟ್ಟ ಕಬ್ಬಿಣದ ಔಷಧದಿಂದ ಒಂದು ತಿಂಗಳಲ್ಲಿ ಗುಣ ಕಾಣದಿದ್ದರೆ ಆಗಲೂ ಹಾಗೆಯೇ. ಬೇಕಾದ ಮೊದಲ ಪರೀಕ್ಷೆಯು ಸುಲಭವಾದುದು: ರಕ್ತದ ಕಣಗಳನ್ನು ಎಣಿಸುವ ‘ಸಿ.ಬಿ.ಸಿ.’ ಮತ್ತು ಗಾಜಿನ ಮೇಲೆ ಸವರಿದ ರಕ್ತದ ತೊಟ್ಟನ್ನು ತಜ್ಞರು ಕಣ್ಣಾರೆ ನೋಡುವ ‘ಸ್ಮಿಯರ್’. ಯಂತ್ರದ ಅಂಕಿಯೊಂದೇ ಸಾಲದು, ಸ್ಮಿಯರ್ ನೋಡಿಸಿರೆಂದು ಕೇಳುವ ಹಕ್ಕು ನಮಗುಂಟು. ಸಂದೇಹ ಬಂದರೆ ದೊಡ್ಡ ಆಸ್ಪತ್ರೆಯಲ್ಲಿ ಮಜ್ಜೆಯ ಪರೀಕ್ಷೆಯಿಂದ ಭೇದವು ಗೊತ್ತಾಗುವುದು.

ಒಂದು ಎಚ್ಚರಿಕೆಯನ್ನು ವಿಶೇಷವಾಗಿ ಹೇಳಬೇಕು. ಕೀಲುನೋವಿಗೆಂದೋ ಜ್ವರಕ್ಕೆಂದೋ ಹೆಸರು ಹೇಳದೆ ಕೊಡುವ ಸ್ಟೆರಾಯ್ಡ್ ಸೂಜಿ ಗುಳಿಗೆಗಳಿಂದ ಎ.ಎಲ್.ಎಲ್. ಕೂಸು ನಾಲ್ಕು ದಿನ ಚೇತರಿಸಿದಂತೆ ಕಾಣುವುದು. ರೋಗವು ಅಷ್ಟರಲ್ಲಿ ಅಡಗಿ, ಪರೀಕ್ಷೆಯಲ್ಲಿ ಹೆಸರು ತಿಳಿಯದಂತಾಗಿ, ಮತ್ತೆ ಎದ್ದಾಗ ಔಷಧಕ್ಕೆ ಬಗ್ಗದಂತಾಗುವುದುಂಟು. ಏನು ಔಷಧವೆಂದು ಕೇಳದೆ ಸೂಜಿ ಹಾಕಿಸಬಾರದು.

ಕಾರಣವೇನು

ಇದು ಅಂಟುರೋಗವಲ್ಲ. ಕೂಸನ್ನು ಎತ್ತಿಕೊಂಡರೂ ಒಂದೇ ತಟ್ಟೆಯಲ್ಲಿ ಉಂಡರೂ ಬಾರದು. ಬಹುಮಟ್ಟಿಗೆ ತಂದೆತಾಯಿಗಳಿಂದ ಮಕ್ಕಳಿಗೆ ಇಳಿದುಬರುವುದೂ ಅಲ್ಲ. ಆದುದರಿಂದ ರೋಗಿಯ ತಂಗಿಯ ಮದುವೆಗೆ ಇದನ್ನು ಅಡ್ಡಿಯೆಂದು ಎಣಿಸುವುದು ಅನ್ಯಾಯ. ಸಾರಿಗೆ ಮಜ್ಜಿಗೆಗೆ ಸಂಬಂಧಿಸಿದ ದೋಷವಲ್ಲ, ಪೂರ್ವಜನ್ಮದ ಶಿಕ್ಷೆಯೂ ಅಲ್ಲ. 1945ರಲ್ಲಿ ಹಿರೋಷಿಮಾ ನಾಗಸಾಕಿಗಳ ಮೇಲೆ ಅಣುಬಾಂಬು ಬಿದ್ದ ಕೆಲವು ವರ್ಷಗಳಲ್ಲಿ ಬದುಕಿ ಉಳಿದವರಲ್ಲಿ ಈ ರೋಗಗಳು ಹೆಚ್ಚಿದುದರಿಂದ ತೀಕ್ಷ್ಣ ಕಿರಣಗಳು ಒಂದು ಕಾರಣವೆಂದು ಸಿದ್ಧವಾಯಿತು. ಬೆಂಜೀನ್ ಎಂಬ ದ್ರವದ ಆವಿಯು ಇನ್ನೊಂದು ಕಾರಣ. ಆದರೆ ಹೆಚ್ಚಿನ ರೋಗಿಗಳಲ್ಲಿ ಇಂಥದೇ ಕಾರಣವೆಂದು ಬೊಟ್ಟುಮಾಡಿ ತೋರಿಸಲಾಗುವುದಿಲ್ಲ.

ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಸೀಮೆಯು ಭತ್ತದ ಕಣಜವಾಯಿತು. ಭತ್ತದೊಡನೆ ಕೀಟನಾಶಕಗಳೂ ಬಂದುವು. ಗರ್ಭಿಣಿಯರಿರುವ ಮನೆಯೊಳಗೆ ಇಂಥ ಔಷಧಗಳನ್ನು ಬಳಸುವುದಕ್ಕೂ ಮಕ್ಕಳ ರಕ್ತದ ಅರ್ಬುದಕ್ಕೂ ನಂಟು ಕಂಡಿರುವುದಾಗಿ ಹೊರದೇಶಗಳ ಶೋಧನೆಗಳು ಹೇಳುವುವು. ಅದೇ ಕಾರಣವೆಂಬ ತೀರ್ಪು ಆಗಿಲ್ಲ. ತೀರ್ಪನ್ನು ಕಾಯದೆ ಜಾಣರು ಮಾಡಬಹುದಾದುದೇನೆಂದರೆ, ಔಷಧದ ಡಬ್ಬಿಯನ್ನು ಅಡಿಗೆಮನೆಯಲ್ಲಿಡಬಾರದು, ಖಾಲಿ ಕ್ಯಾನಿನಲ್ಲಿ ನೀರು ತುಂಬಬಾರದು, ಸಿಂಪಡಿಸಿದ ಬಟ್ಟೆಯಲ್ಲಿ ಕೂಸನ್ನು ಎತ್ತಿಕೊಳ್ಳಬಾರದು.

ಎಲ್ಲಿಗೆ ಹೋಗಬೇಕು

ತಾಲ್ಲೂಕಿನ ಆಸ್ಪತ್ರೆಯಲ್ಲಿ ಮೊದಲ ಪರೀಕ್ಷೆ ಮಾಡಿಸಿ ಅಲ್ಲಿಯ ಚೀಟಿಯನ್ನು ಪಡೆಯಬೇಕು. ರಾಯಚೂರಿನಲ್ಲಿ 2007ರಲ್ಲಿ ಸ್ಥಾಪಿತವಾದ ಸರಕಾರದ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಿದೆ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಶಾಖೆಯಿದೆ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ನಮ್ಮ ಊರುಗಳಿಂದ ಒಂದು ರಾತ್ರಿಯ ಪ್ರಯಾಣ. ಅಲ್ಲಿ ದೂರದಿಂದ ಬಂದವರಿಗೆ ತಂಗಲು ಧರ್ಮಶಾಲೆಯುಂಟು.

ಖರ್ಚಿನ ಭಯವು ದೊಡ್ಡದು. ಬಡತನದ ರೇಖೆಯ ಕೆಳಗಿನ ಮನೆಗಳಿಗೆ ಅರ್ಬುದವೇ ಮೊದಲಾದ ದೊಡ್ಡ ರೋಗಗಳ ಚಿಕಿತ್ಸೆಯನ್ನು ಉಚಿತವಾಗಿ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಕರ್ನಾಟಕ ಸರಕಾರವು 2010ರಲ್ಲಿ ಮೊಟ್ಟಮೊದಲು ಜಾರಿಗೆ ತಂದುದು ರಾಯಚೂರು ಸೇರಿದ ಕಲಬುರಗಿ ವಿಭಾಗದಲ್ಲಿಯೇ. ಯೋಜನೆ ಬಂದ ಸೀಮೆಯ ಮತ್ತು ಬಾರದ ಸೀಮೆಯ ಗಡಿಯ ಹಳ್ಳಿಗಳನ್ನು ಹೋಲಿಸಿದ ಶೋಧನೆಯೊಂದು 2014ರಲ್ಲಿ ಪ್ರಕಟವಾಗಿ, ಯೋಜನೆ ಬಂದ ಕಡೆ ಆ ರೋಗಗಳಿಂದ ಬಡವರು ಸಾಯುವುದು ಬಹಳ ಕಡಿಮೆಯಾಗಿದ್ದುದನ್ನು ತೋರಿಸಿತು. 2018ರಿಂದ ಅದರ ಸ್ಥಾನದಲ್ಲಿ ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆಯಿದ್ದು, ಪಡಿತರ ಚೀಟಿಯುಳ್ಳ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವು ದೊರೆಯುವುದು. ಪಡಿತರ ಚೀಟಿ, ಆಧಾರ್ ಚೀಟಿ, ಸರಕಾರೀ ಆಸ್ಪತ್ರೆಯ ಶಿಫಾರಸು ಇವು ಮೂರನ್ನೂ ಜೊತೆಗಿಟ್ಟುಕೊಂಡು ಹೊರಡತಕ್ಕದ್ದು.

ಆದರೆ ಔಷಧವು ಉಚಿತವಾದರೂ ದಾರಿಯ ಖರ್ಚು, ಕೂಲಿಯ ನಷ್ಟ, ಮನೆಯಲ್ಲಿ ಬಿಟ್ಟುಬಂದ ಉಳಿದ ಮಕ್ಕಳ ಚಿಂತೆ ಇವು ಉಚಿತವಲ್ಲ. ಎ.ಎಲ್.ಎಲ್. ಕೂಸು ಮೊದಲ ತಿಂಗಳ ಔಷಧದಲ್ಲಿಯೇ ಎದ್ದು ಆಡತೊಡಗುವುದು. ಆಗ ‘ಗುಣವಾಯಿತು’ ಎಂದು ಊರಿಗೆ ಹೋಗಿ ಮರಳದಿರುವವರು ಅನೇಕರು. ಅಡಗಿದ ಬೀಜವು ಆಗ ಮತ್ತೆ ಮೊಳೆಯುವುದು. ನಮ್ಮ ದೇಶದಲ್ಲಿ ಗುಣವಾಗಬಹುದಾಗಿದ್ದ ಎಷ್ಟೋ ಮಕ್ಕಳನ್ನು ಕೊಂದುದು ಔಷಧದ ಅಭಾವವಲ್ಲ, ನಡುವೆ ಬಿಟ್ಟ ಔಷಧ. ನೆರೆಹೊರೆಯವರು ಇಂಥ ಮನೆಗೆ ಸಹಾಯಮಾಡುವುದಾದರೆ ಮೊದಲ ದಿನ ಕೊಡುವ ನೂರು ರೂಪಾಯಿಗಿಂತ, ಹದಿನೆಂಟನೆಯ ತಿಂಗಳಲ್ಲಿ ‘ಈ ಸಲ ಹೋಗಿಬಂದಿರೇನು?’ ಎಂದು ಕೇಳಿ ಬಸ್ಸಿಗೆ ಹತ್ತಿಸುವುದೇ ದೊಡ್ಡ ಉಪಕಾರ.

ಮಸ್ಕಿಯ ಬಂಡೆಯು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಆ ಒಂದು ಹೆಸರನ್ನು ಕಾಪಾಡಿಕೊಂಡು ಬಂದಿತು. ಓದುವವರು ಬಂದ ದಿನ ತಿಳಿಸಿತು. ರೋಗವು ಅಷ್ಟು ಕಾಲ ಕಾಯುವುದಿಲ್ಲ. ಮನೆಯ ಕೂಸು, ಅದರಲ್ಲಿಯೂ ಹೆಣ್ಣುಕೂಸು, ಕಾರಣವಿಲ್ಲದೆ ಬಿಳಿಚಿ ಜ್ವರದಿಂದ ನರಳುತ್ತಿದ್ದರೆ ರಕ್ತದ ಒಂದು ತೊಟ್ಟನ್ನು ಗಾಜಿನ ಮೇಲೆ ನೋಡಿಸಿರೆಂದು ನಮ್ಮ ಗೃಹಸ್ಥರನ್ನೂ ಗೃಹಿಣಿಯರನ್ನೂ ಪ್ರಾರ್ಥಿಸುವೆವು.